ಬೇಸಿಲ್ ರಾಜ್ ಎಳೆದ ಉಸಿರು

ಜೀಡಿಮೆಟ್ಲಾದಲ್ಲಿ ಪಾಳಿ ಮುಗಿಸಿ, ಸಿಕಂದರಾಬಾದಿನ ಬಸ್‌ಸ್ಟಾಪಿನಲ್ಲಿ ಕಂಬಕ್ಕೊರಗಿ ತೂಕಡಿಸುತ್ತಿದ್ದ ತಿಪ್ಪೇಸ್ವಾಮಿಗೆ ಬೆನ್ನ ಹಿಂದೆ ಕನ್ನಡ ಕೇಳಿ ಎಚ್ಚರವಾಯಿತು. ಹೆಂಗಸರಿಬ್ಬರು, ಹಿರಿಯವಳ ಕೈಯಲ್ಲಿ ಆಗಷ್ಟೇ ರಿಪೇರಿಯಾದ ಕ್ಯಾಸೆಟ್ಟು.

“ಈ ಜಾಝ್ ಸಂಗ್ರಹದಾಗ ನಮ್ಮಣ್ಣನ ಹೆಸರ ಇಲ್ಲಲ್ರಿ ವೈನಿ?”

“ಬೇಸಿಲ್ ರಾಜ್ ಅಂತ ಐತಲ್ಲ, ಅವರ ನಿಮ್ಮಣ್ಣ. ಬಸವರಾಜ ಅನ್ನಾಕ ಕ್ಲಬ್ಬಿನ ಮಂದಿಗೆ ನಾಲಿಗಿ ಹೊರಳತಿದ್ದಿಲ್ಲ.”

“ಅವ್ವಗ ಈ ಬಾಜಾ ಸೇರತೈತೇನ್ರಿ?”

“ಎಲ್ಲೀದು! ನಡುವ ಒಂದ ಕಡೆ ನಿಮ್ಮಣ್ಣ ಕ್ಲಾರ್ನೆಟ್ ಊದೂದು ನಿಲ್ಲಿಸಿ ಉಸಿರು ಎಳಕೊಂತಾರ. ‘ನನ್ನ ಮಗನ ಉಸಿರು, ಅಷ್ಟ ಹಚ್ಚು’ ಅಂತಾರ ಅತ್ತಿ. ನಿಮ್ಮಣ್ಣ ಹೋಗಿ ವರ್ಷಾತು, ದಿನಾ ಇದೇ. ತಿರುಗಿಸಿ ತಿರುಗಿಸಿ ನನ್ನ ಕೈ ಸೋತು, ಕಡೀಕ ಟೇಪೂ ಹರೀತು.”

“ಈಗ ಛಲೋ ಆತಲ್ಲ?”

“ಹರಿದಷ್ಟು ಕತ್ತರಿಸಿ ಒಗದು, ಎರಡೂ ತುದಿ ಅಂಟಿಸ್ಯಾನ.”

“ಹರಿದದ್ದು ಎಲ್ಲಿ?”

“ಅಲ್ಲೇ.”

“ಇನ್ನೊಂದು ಕ್ಯಾಸೆಟ್ಟು ತರಸೂಣ್ರಿ.”

“ಸಣ್ಣ ಕಂಪನಿ. ಬಾಗಲಾ ಹಾಕ್ಕೊಂಡು ಹೋಗ್ಯಾರ.”

ಮೆಹದಿಪಟ್ಟಣಂ ಬಸ್ಸು ಬಂತು. ಸೆರಗು ಸಿಕ್ಕಿಸಿಕೊಂಡು ಹತ್ತುತ್ತ ಹಿರಿಯವಳು ಆಡಿದ ಮಾತು ತಿಪ್ಪೇಸ್ವಾಮಿಯ ಕಿವಿಗೆ ಬಿತ್ತು:

“ಅಂಗಡಿಯಾಂವ ಹಚ್ಚಿ ತೋರಿಸಿದ. ‘ಈಗ ಎಲ್ಲೂ ನಿಲ್ಲಂಗಿಲ್ಲಮ್ಮಾ’ ಅಂತ ಖುಷೀಲೆ ಹೇಳಿದ.”