ಉತುರೋಆ ಬಂದರಿನಲ್ಲಿ ಹಾಕಿದ ಚಿಪ್ಪಿನ ಹಾರದ ಬಗ್ಗೆ

ಹೆಸರು: ಹೇರೆನುಯಿ ತೇರಿಯಿತಾಹಿ. ತಂದೆ: ದಿವಂಗತ ತಿಹೋತಿ. ವಯಸ್ಸು: 38 ವರ್ಷ. ಕೆಲಸ: ವಾಯಿಹೀ ಕಣಿವೆಯ ಬಸವನಹುಳು ರಕ್ಷಣಾ ತೋಟದ ಮೇಲ್ವಿಚಾರಕಿ. ವಾಸ: ವಾಯಿಹೀ ಕಣಿವೆಯ ಬಾಯಿ, ಸಮುದ್ರದ ಕಡೆಯಿಂದ ಮೂರನೇ ಮನೆ, ರಾಯಿಯಾತೆಯಾ ದ್ವೀಪ.

ಮೇಲ್ಕಂಡ ನಾನು ಇಂದು ದಿನಾಂಕ 12-03-2024ರ ಮಂಗಳವಾರ ಮಧ್ಯಾಹ್ನ ಎರಡೂವರೆ ಗಂಟೆಗೆ, ಯಾರ ಬಲವಂತವೂ ಇಲ್ಲದೆ, ಉತುರೋಆ ಠಾಣೆಗೆ ಬಂದು ಬರೆಸುತ್ತಿರುವುದು ಹೀಗಿದೆ.

ನಾನು ಕಾಯುತ್ತಿದ್ದುದು ನಮ್ಮ ದ್ವೀಪದ ಮರದ ಬಸವನಹುಳುಗಳನ್ನು. ಹೆಬ್ಬೆರಳಿನ ಉಗುರಿನಷ್ಟು ಇರುತ್ತವೆ. ಹಗಲು ಎಲೆಯ ಅಡಿಯಲ್ಲಿ ಅಂಟಿಕೊಂಡು ಮಲಗುತ್ತವೆ. ಈ ಜಾತಿ ಬೇರೆ ಯಾವ ನೆಲದಲ್ಲೂ ಹುಟ್ಟಿದ್ದಲ್ಲ. ನಾನು ಚಿಕ್ಕವಳಿದ್ದಾಗ ಇಲ್ಲಿಯೂ ಇಲ್ಲವಾಯಿತು. ಬೆಳೆ ತಿನ್ನುತ್ತಿದ್ದ ದೊಡ್ಡ ಬಸವನಹುಳುವನ್ನು ಕೊಲ್ಲಲೆಂದು ಹೊರಗಿನಿಂದ ಇನ್ನೊಂದು ಹುಳು ತಂದು ಬಿಟ್ಟರು. ಅದು ದೊಡ್ಡದರ ತಂಟೆಗೆ ಹೋಗದೆ ನಮ್ಮವನ್ನು ತಿಂದು ಮುಗಿಸಿತು. ಯಾರೋ ಪುಣ್ಯಾತ್ಮರು ಅದಕ್ಕೆ ಮುಂಚೆಯೇ ಕೆಲವನ್ನು ಡಬ್ಬಿಯಲ್ಲಿಟ್ಟುಕೊಂಡು ಸಮುದ್ರದಾಚೆಯ ಒಂದು ಮೃಗಾಲಯಕ್ಕೆ ಒಯ್ದಿದ್ದರಿಂದ ವಂಶ ಉಳಿಯಿತು. ಇದೆಲ್ಲ ಊರಿಗೇ ಗೊತ್ತಿರುವ ವಿಷಯ, ಮುಂದಕ್ಕೆ ಹೇಳಿ ಎಂದು ಠಾಣಾಧಿಕಾರಿಯವರು ಹೇಳಿದರು. ಊರಿಗೆ ಗೊತ್ತಿದ್ದರೆ ನಾನು ಇವತ್ತು ಇಲ್ಲಿ ಕೂರಬೇಕಾಗಿರಲಿಲ್ಲ, ಬರೆದುಕೊಳ್ಳಿ ಎಂದು ನಾನು ಹೇಳಿದ ಮೇಲೆ ಬರೆದುಕೊಂಡಿದ್ದಾರೆ.

ಕಳೆದ ಸೆಪ್ಟೆಂಬರಿನಲ್ಲಿ ಮೃಗಾಲಯದವರು ಮೊದಲ ತಂಡವನ್ನು ಕಳುಹಿಸಿದರು. ಬಿಟ್ಟ ಹುಳುಗಳ ಗುರುತು ಸಿಗಲೆಂದು ಒಂದೊಂದರ ಚಿಪ್ಪಿನ ಮೇಲೂ ಕೆಂಪು ಬಣ್ಣದ ಚುಕ್ಕೆ ಇಟ್ಟಿದ್ದರು. ಸ್ವಾಗತಕ್ಕೆ ಶಾಲೆಯ ಬಯಲಿನಲ್ಲಿ ಚಪ್ಪರ ಹಾಕಿ, ಪ್ರಾರ್ಥನೆ ಮಾಡಿ, ಹಾಡಿದೆವು. ರಾಜಧಾನಿ ಪಪೀತೆಯಿಂದ ಬಂದಿದ್ದ ದೊಡ್ಡವರೊಬ್ಬರು ಮೈಕಿನಲ್ಲಿ ಮಾತನಾಡುತ್ತ, ಇವು ನಿಮ್ಮ ಅಜ್ಜಿಯರ ಕೊರಳನ್ನು ಅಲಂಕರಿಸಿದ್ದ ಜೀವಗಳು, ಇಂದು ಮನೆಗೆ ಮರಳಿವೆ, ಇವು ನಿಮ್ಮವು ಎಂದು ಹೇಳಿದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ಅಜ್ಜಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ನನಗೆ ನೆನಪಿದೆ. ನನ್ನನ್ನು ಸಾಕಿದವರು ಅವರೇ.

ಹುಳುಗಳನ್ನು ತೋಟದಲ್ಲಿ ಬಿಟ್ಟು, ಸುತ್ತ ತಗಡಿನ ಬೇಲಿ ಹಾಕಿ, ಬೇಲಿಯ ಅಂಚಿಗೆ ಕರೆಂಟಿನ ತಂತಿ ಎಳೆದಿದ್ದೇವೆ. ಹುಳು ತಿನ್ನುವ ಆ ಹುಳು ಒಳಗೆ ಬರಬಾರದು ಎಂಬ ಒಂದೇ ಭಯ ನಮಗಿತ್ತು. ಮನುಷ್ಯರ ಭಯ ಇರಲಿಲ್ಲ. ಗೇಟಿನ ಕೀಲಿ ನನ್ನ ಹತ್ತಿರ ಒಂದು, ನನ್ನ ಜೊತೆ ಕೆಲಸ ಮಾಡುವ ಪೀತೋ ಎಂಬುವರ ಹತ್ತಿರ ಒಂದು ಇದೆ.

ಎರಡನೇ ತಂಡವನ್ನು ತರಲು ನಾನೇ ಆ ಮೃಗಾಲಯಕ್ಕೆ ಹೋಗಬೇಕೆಂದು ತೀರ್ಮಾನವಾಗಿತ್ತು. ಕಳೆದ ವಾರವೆಲ್ಲ ಅದರ ಕಾಗದಪತ್ರಕ್ಕಾಗಿ ಪಪೀತೆಯಲ್ಲಿದ್ದೆ. ನಿನ್ನೆ ಸಂಜೆ ವಾಪಸ್ ಬಂದು ಬಟ್ಟೆ ತುಂಬಿಕೊಂಡೆ. ತೋಟಕ್ಕೆ ಹೋಗಲು ಹೊತ್ತು ಸಿಗಲಿಲ್ಲ.

ಇಂದು ಬೆಳಿಗ್ಗೆ ಒಂಬತ್ತು ಗಂಟೆಗೆ ನಾನು, ಅಜ್ಜಿ ಮತ್ತು ಪೀತೋ ಬಂದರಿಗೆ ಬಂದೆವು. ಹಡಗು ಹತ್ತು ಗಂಟೆಗೆ. ಅಜ್ಜಿ ಸುಟ್ಟ ದೀವಿ ಹಲಸು, ತೆಂಗಿನಹಾಲಿನ ರೊಟ್ಟಿ, ಬೇಯಿಸಿದ ಕೆಸುವಿನ ಗೆಡ್ಡೆ ಎಲ್ಲ ಕಟ್ಟಿಕೊಂಡು ಬಂದಿದ್ದರು. ಪೀತೋ ಆ ಗಂಟನ್ನು ಎತ್ತಿ ನೋಡಿ, "ಅಜ್ಜಿ, ಇದನ್ನ ಇಟ್ರೆ ಹಡಗು ಒಂದ್ಕಡೆ ವಾಲುತ್ತೆ" ಎಂದರು. "ನಿನ್ನ ಹತ್ತಿಸ್ತಿಲ್ಲವಲ್ಲ, ವಾಲಲ್ಲ ಬಿಡು" ಎಂದು ಅಜ್ಜಿ ಹೇಳಿದರು. ನಾವು ಮೂವರೂ ನಕ್ಕೆವು. ಇದು ದೂರಿಗೆ ಸಂಬಂಧಿಸಿದ್ದಲ್ಲ ಎಂದು ಠಾಣಾಧಿಕಾರಿಯವರು ಹೇಳುತ್ತಾರೆ. ಆದರೆ ನಾವು ಇವತ್ತು ನಕ್ಕಿದ್ದು ಅದೇ ಕೊನೆ.

ಬರುವವರಿಗೆ ಹೂವು, ಹೋಗುವವರಿಗೆ ಚಿಪ್ಪು, ಇದು ನಮ್ಮಲ್ಲಿ ಎಲ್ಲರೂ ನಡೆಸುವುದು. ಹೋಗುವವರು ದ್ವೀಪದ ಬೆಟ್ಟ ಕಣ್ಣಿಗೆ ಮರೆಯಾಗುವ ತನಕ ಹಾರ ತೆಗೆಯಬಾರದು. ತೆಗೆದರೆ ಮರಳಿ ಬರುವುದಿಲ್ಲ ಎನ್ನುತ್ತಾರೆ. ಅಜ್ಜಿ ನನಗೆ ಕಣ್ಣು ಮುಚ್ಚಲು ಹೇಳಿ, ಬಟ್ಟೆಯ ಚೀಲದಿಂದ ಹಾರ ತೆಗೆದು ಕೊರಳಿಗೆ ಹಾಕಿ, ಹಿಂದೆ ಗಂಟು ಬಿಗಿದರು. ಹೂವಿನ ಎಣ್ಣೆ ಸವರಿದ್ದರು, ಘಮ್ಮೆಂದಿತು. ಸಮುದ್ರದ ಚಿಪ್ಪಾದರೆ ಕೊರಳಿಗೆ ತಣ್ಣಗೆ ಭಾರ ಬೀಳುತ್ತದೆ. ಇದು ಎಷ್ಟು ಹಗುರವಾಗಿತ್ತೆಂದರೆ ಇದ್ದಂತೆಯೇ ಅನಿಸಲಿಲ್ಲ. ಎಲ್ಲಿ ಸಿಕ್ಕಿತೋ ಇಷ್ಟು ತೆಳು ಚಿಪ್ಪು, ಅಜ್ಜಿಯ ಕೈಗೆ ಇನ್ನೂ ಎಂಥ ಹದ ಇದೆ ಎಂದುಕೊಂಡು ಅವರ ಎರಡೂ ಕೆನ್ನೆಗೆ ಮುತ್ತು ಕೊಟ್ಟೆ.

ಹಡಗಿನ ಏಣಿಯ ಬುಡದಲ್ಲಿ ಗಾಳಿ ಜೋರಾಗಿತ್ತು. ಹಾರ ಎದ್ದು ಮಗುಚಿಕೊಂಡಿತು. ಸರಿಮಾಡಿಕೊಳ್ಳಲು ಕೈ ಹಾಕಿ ನೋಡಿದೆ. ಒಂದು ಚಿಪ್ಪಿಗೆ ಕೊರಳ ಕಡೆಯ ಮೈಯಲ್ಲಿ ಕೆಂಪು ಚುಕ್ಕೆ. ಅದರ ಪಕ್ಕದ್ದಕ್ಕೂ ಕೆಂಪು ಚುಕ್ಕೆ. ಅದರ ಪಕ್ಕದ್ದಕ್ಕೂ. ಚುಕ್ಕೆಗಳೆಲ್ಲ ನನ್ನ ಕೊರಳ ಚರ್ಮಕ್ಕೆ ತಾಗುವಂತೆ ಒಳಮುಖವಾಗಿ ಪೋಣಿಸಿದ್ದವು. ನನಗೆ ಮೊದಲು ಏನೂ ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಕಟ್ಟೆಯ ಸಿಮೆಂಟಿನ ಮೇಲೆ ಕುಳಿತುಬಿಟ್ಟೆ. ಕಿವಿಯಲ್ಲಿ ಹಡಗಿನ ಸದ್ದು ಬಿಟ್ಟು ಬೇರೆ ಸದ್ದು ಇರಲಿಲ್ಲ. ಪೀತೋ ಓಡಿ ಬಂದು ನೀರು ಕುಡಿಸಿದರು. ನೀರು ಹಾರದ ಮೇಲೆ ಚೆಲ್ಲಿತು.

ಇದನ್ನು ಎಲ್ಲಿಂದ ತಂದೆ ಎಂದು ಅಜ್ಜಿಯನ್ನು ಕೇಳಿದೆ. "ಇನ್ನೆಲ್ಲಿಂದ ತರಲಿ? ನಿನ್ನ ತೋಟದಿಂದಲೇ" ಎಂದರು. ಅವರ ಮುಖದಲ್ಲಿ ಖುಷಿ ಇತ್ತು. ಅವರು ಸುಳ್ಳು ಹೇಳಲಿಲ್ಲ, ಏನನ್ನೂ ಬಚ್ಚಿಡಲಿಲ್ಲ. "ಯಾರೋ ತಲೆಕೆಟ್ಟವರು ಒಂದೊಂದಕ್ಕೂ ಬಣ್ಣ ಬಳಿದು ಕೆಡಿಸಿದ್ದಾರೆ ಕಣೇ. ಉಜ್ಜಿ ಉಜ್ಜಿ ಉಗುರು ಹೋಯ್ತು. ಅದಕ್ಕೇ ಚುಕ್ಕೆ ಒಳಗೆ ಮಾಡಿ ಪೋಣಿಸಿದೆ, ಕಾಣ್ಬಾರ್ದು ಅಂತ."

ಹುಳುಗಳನ್ನು ಏನು ಮಾಡಿದೆ ಎಂದು ಕೇಳಿದೆ. ಬಿಸಿನೀರಿಗೆ ಹಾಕಿ, ಸೂಜಿಯಿಂದ ತೆಗೆದು, ಕೋಳಿಗೆ ಹಾಕಿದೆ ಎಂದರು. ಮತ್ತೆಂಥದು ಮಾಡ್ತಾರೆ ಎನ್ನುವ ಧಾಟಿಯಲ್ಲಿ ಹೇಳಿದರು.

ಆಮೇಲೆ ನಾನು ಕೂಗಾಡಿದ್ದು ನಿಜ. ಬಂದರಿನವರೆಲ್ಲ ನೋಡುತ್ತಿದ್ದರು. "ಅಜ್ಜಿ, ಇವು ಸತ್ರೆ ದ್ವೀಪದಲ್ಲಿ ಬೇರೆ ಇಲ್ಲ, ನಿನಗೆ ಗೊತ್ತಿರ್ಲಿಲ್ವಾ?" ಎಂದೆ. ಅಜ್ಜಿಗೂ ಸಿಟ್ಟು ಬಂತು. "ಗೊತ್ತಿಲ್ದೆ ಏನು? ಮೈಕಲ್ಲೇ ಹೇಳಿದ್ರಲ್ಲ, ಇವು ನಿಮ್ಮವು ಅಂತ. ಹುಳು ಬಂದಿದ್ದು ಮತ್ತೆ ಯಾತಕ್ಕೆ, ಬೇಲಿಯೊಳಗಿಟ್ಟು ಮುಖ ನೋಡ್ಕೊಂಡು ಕೂರೋಕಾ? ಇನ್ನೂ ತರೋಕೆ ಹೋಗ್ತಿದೀಯಲ್ಲ, ತಗೊಂಬಾ!" ಎಂದರು. ಅಷ್ಟರಲ್ಲಿ ಹಡಗು ಹೊರಟುಹೋಯಿತು. ಆಗಲೇ ಹತ್ತಿಸಿದ್ದ ನನ್ನ ಚೀಲ ಅದರಲ್ಲೇ ಹೋಗಿದೆ.

ಬಂದರಿನಿಂದ ತೋಟಕ್ಕೆ ಹನ್ನೊಂದು ಕಿಲೋಮೀಟರ್. ಪೀತೋ ವ್ಯಾನು ಓಡಿಸಿದರು, ಅಜ್ಜಿಯನ್ನು ಮನೆಯ ಹತ್ತಿರ ಇಳಿಸಿದೆವು. ಅಲ್ಲಿಂದ ಮುಂದೆ ದಾರಿಯಲ್ಲಿ ಪೀತೋ ಅವರೇ ಬಾಯಿಬಿಟ್ಟು, ಕಳೆದ ವಾರ ಅಜ್ಜಿ ಎರಡು ಮಧ್ಯಾಹ್ನ ಊಟ ತಂದುಕೊಟ್ಟು, ಸಾಯುವ ಮೊದಲು ಒಂದು ಸಲ ಹುಳುಗಳನ್ನು ಕಣ್ಣು ತುಂಬ ನೋಡಬೇಕು ಎಂದು ಕೇಳಿದ್ದರಿಂದ ತಾವೇ ಗೇಟು ತೆಗೆದುದಾಗಿ ಹೇಳಿದರು. "ನಾನು ಆಚೆ ಹುಲ್ಲು ಸವರ್ತಿದ್ದೆ ಹೇರೆ. ಅಜ್ಜಿ ಒಳಗೆ ಮಾತಾಡ್ತಿದ್ದದ್ದು ಕೇಳಿಸ್ತು. ವಯಸ್ಸಾಗಿದೆ, ಗಿಡಮರದ ಹತ್ರ ಮಾತಾಡ್ತಾರೆ ಅಂದ್ಕೊಂಡೆ." ಏನು ಮಾತಾಡುತ್ತಿದ್ದರು ಎಂದು ಕೇಳಿದೆ. ಹಾರಕ್ಕೆ ಹುಳು ಕೀಳುವವರು ಹೋಗುವವರ ಹೆಸರನ್ನು ಹುಳುವಿಗೆ ಹೇಳಿ ಕೀಳುವುದು ಹಿಂದಿನವರ ಪದ್ಧತಿ. ಅಜ್ಜಿ ಹೇಳುತ್ತಿದ್ದುದು ಹೀಗಂತೆ: "ಹೇರೆನುಯಿ ಹೋಗ್ತಿದಾಳೆ. ನಿಮ್ಮವರನ್ನೇ ಕರ್ಕೊಂಬರೋಕೆ ಹೋಗ್ತಿದಾಳೆ. ಅವಳನ್ನ ನೀವು ಕರ್ಕೊಂಬನ್ನಿ." ಇದನ್ನು ಕೇಳಿ ನಾನು ಬಾಗಿಲು ತೆಗೆದು ಇಳಿಯಲು ಹೋದೆ. ವ್ಯಾನು ನಿಲ್ಲಿಸಬೇಕಾಯಿತು.

ತೋಟದಲ್ಲಿ ನಾವಿಬ್ಬರೂ ಎಲೆ ಎಲೆ ಮಗುಚಿ ನೋಡಿದೆವು. ಕಾಡುಶುಂಠಿಯ ಎಲೆ, ಬಾಳೆಯ ಬುಡ, ಜರೀಗಿಡ, ಯಾವುದನ್ನೂ ಬಿಡಲಿಲ್ಲ. ಬೇಲಿ ಗಟ್ಟಿಯಾಗಿತ್ತು. ತಂತಿಯಲ್ಲಿ ಕರೆಂಟು ಇತ್ತು. ಹುಳು ತಿನ್ನುವ ಹುಳು ಒಂದೂ ಒಳಗೆ ಬಂದಿರಲಿಲ್ಲ. ನಮ್ಮವೂ ಒಂದೂ ಇರಲಿಲ್ಲ. ಪೀತೋ ಗೇಟಿನ ಹತ್ತಿರ ಕುಳಿತು ಮಗುವಿನ ಹಾಗೆ ಅತ್ತರು. ನನಗೆ ಅಳು ಬರಲಿಲ್ಲ. ಮನೆಗೆ ಹೋಗಿ ಅಜ್ಜಿಯನ್ನು ಕರೆದುಕೊಂಡು ನೇರ ಇಲ್ಲಿಗೆ ಬಂದೆವು. ಅಜ್ಜಿ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾರೆ. ಊಟದ ಗಂಟು ಅವರ ಮಡಿಲಲ್ಲೇ ಇದೆ.

ಹಾರದಲ್ಲಿ ಎಷ್ಟು ಚಿಪ್ಪುಗಳಿವೆ ಎಂದು ಠಾಣಾಧಿಕಾರಿಯವರು ಕೇಳಿದರು. ನಾನು ಎಣಿಸಿಲ್ಲ. ಎಣಿಸುವ ಧೈರ್ಯ ನನಗಿಲ್ಲ, ತಾವೇ ಎಣಿಸಿಕೊಳ್ಳಿ. ಹಾಗಾದರೆ ಹಾರವನ್ನು ಸಾಕ್ಷ್ಯವಾಗಿ ಒಪ್ಪಿಸಿ ಎಂದರು. ಇಷ್ಟು ಹೊತ್ತೂ ಅದು ನನ್ನ ಕೊರಳಲ್ಲೇ ಇದೆ ಎಂಬುದು ನನಗೆ ಆಗ ಗಮನಕ್ಕೆ ಬಂತು. ಬಿಚ್ಚಲು ಹಿಂದಕ್ಕೆ ಕೈ ಒಯ್ದೆ.

ಅಜ್ಜಿ ಬಾಗಿಲಲ್ಲಿ ನಿಂತು ಕೂಗಿದರು: "ತೆಗೀಬೇಡ ಹೇರೆ! ಸಾಹೇಬ್ರೇ, ನನ್ನ ಒಳಗೆ ಹಾಕ್ಕೊಳ್ಳಿ. ಹಾರ ಅವಳ ಕೊರಳಲ್ಲೇ ಇರ್ಲಿ."

ಕಾನೂನಿನ ಪ್ರಕಾರ ಒಪ್ಪಿಸಲೇಬೇಕು ಎಂದು ಠಾಣಾಧಿಕಾರಿಯವರು ಹೇಳಿದರು. ಅಜ್ಜಿ ಒಳಗೆ ಬಂದು ಅವರ ಮೇಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಇವಳಪ್ಪ ಸಮುದ್ರ ದಾಟಿ ನೂಮೆಯಾದ ಗಣಿಗೆ ಹೋಗೋವಾಗ ಹುಳು ಎಲ್ಲ ಮುಗಿದಿತ್ತು. ಕಾಡೆಲ್ಲ ಅಲೆದೆ, ಒಂದೂ ಸಿಗ್ಲಿಲ್ಲ. ಸಮುದ್ರದ ಚಿಪ್ಪು ಸಮುದ್ರಕ್ಕೇ ಕರೆಯುತ್ತೆ, ಮನೆಗೆ ಕರೆಯಲ್ಲ. ಚೀನೀಯನ ಅಂಗಡಿಯಿಂದ ಪ್ಲಾಸ್ಟಿಕ್ ಮಣಿ ತಂದು ಹಾಕಿ ಕಳಿಸ್ದೆ. ನನ್ನ ಮಗ ಅಲ್ಲೇ ಮಣ್ಣು ಕುಸಿದು ಹೋದ. ಹೆಣಾನೂ ಬರ್ಲಿಲ್ಲ. ಇವಳನ್ನೂ ಮಣಿ ಹಾಕಿ ಕಳಿಸ್ಲಾ? ಹೇಳಿ, ನೀವಾದ್ರೆ ಕಳಿಸ್ತಿದ್ರಾ?" ಎಂದರು.

ಆಗ ನನಗೆ ಆರು ವರ್ಷ. ಅಪ್ಪನ ಕೊರಳಲ್ಲಿದ್ದುದು ಹಸಿರು ಮಣಿ ಎಂಬುದಷ್ಟೇ ನೆನಪು. ಅಜ್ಜಿ ಈ ಮಾತನ್ನು ಇಷ್ಟು ವರ್ಷ ನನ್ನ ಮುಂದೆ ಆಡಿರಲಿಲ್ಲ.

ಆ ಮೃಗಾಲಯದಲ್ಲಿ ಇನ್ನು ಉಳಿದಿರುವುದು ಒಂದೇ ಪೆಟ್ಟಿಗೆಯಷ್ಟು ಹುಳುಗಳು. ಪ್ರಪಂಚದಲ್ಲಿ ಅಷ್ಟೇ. ಮುಂದಿನ ಹಡಗು ಶುಕ್ರವಾರ. ನಾನು ಹೋಗುತ್ತೇನೆ ಎಂದು ಅಜ್ಜಿಗೆ ಹೇಳಿದೆ. ಕೊರಳಿಗೆ ಏನು ಹಾಕಲಿ ಎಂದು ಅವರು ಕೇಳಿದರು. "ಏನೂ ಹಾಕ್ಬೇಡ ಅಜ್ಜಿ. ಬರೀ ಕೊರಳಲ್ಲಿ ಹೋಗ್ತೀನಿ. ಬರ್ತೀನಿ" ಎಂದೆ. ನಮ್ಮ ಮನೆಯಿಂದ ಯಾರೂ ಹಾಗೆ ಹೋಗಿಲ್ಲ. ಅಜ್ಜಿ ಹಾಕಿದ ಗಂಟು ಬಿಚ್ಚಲು ಆಗುವಂಥದ್ದಲ್ಲ. ಮೇಜಿನ ಮೇಲಿದ್ದ ಕತ್ತರಿಯನ್ನು ಅವರೇ ಕೇಳಿ ತೆಗೆದುಕೊಂಡು, ನನ್ನ ಹಿಂದೆ ನಿಂತು ದಾರ ಕತ್ತರಿಸಿದರು. ಒಂದು ಚಿಪ್ಪೂ ನೆಲಕ್ಕೆ ಬೀಳದಂತೆ ಹಾರವನ್ನು ಮೇಜಿನ ಮೇಲೆ ಇಟ್ಟರು. ಈ ಸಲ ಚುಕ್ಕೆಗಳು ಮೇಲಕ್ಕೆ ಕಾಣುವಂತೆ ಇಟ್ಟರು.

ಆರೋಪಿಯ ಹೆಸರಿನ ಜಾಗವನ್ನು ಮೊದಲಿನಿಂದಲೂ ಖಾಲಿ ಬಿಟ್ಟಿದ್ದೀರಿ, ಅದಿಲ್ಲದೆ ದೂರು ನಿಲ್ಲುವುದಿಲ್ಲ ಎಂದು ಠಾಣಾಧಿಕಾರಿಯವರು ಹೇಳಿದರು. ಅಜ್ಜಿ, "ಬರೆಸು" ಎಂದರು. ಬರೆಸುತ್ತಿದ್ದೇನೆ. ಹೆಸರು: ತೆಉರಾ ತೇರಿಯಿತಾಹಿ. ವಯಸ್ಸು: 78 ವರ್ಷ. ದೂರುದಾರಳಿಗೆ ಸಂಬಂಧ: ಅಪ್ಪನ ತಾಯಿ. ನಾನು ಮರಳಿ ಬರಲಿ ಎಂದು ಈ ಕೃತ್ಯ ಮಾಡಿದವರು.

ಇಷ್ಟನ್ನು ನನಗೆ ಓದಿ ಹೇಳಿದ್ದಾರೆ, ಅಜ್ಜಿಯೂ ಕೇಳಿಸಿಕೊಂಡಿದ್ದಾರೆ. ಇದರಲ್ಲಿ ಸುಳ್ಳಿಲ್ಲ, ಬಿಟ್ಟಿದ್ದೂ ಇಲ್ಲ ಎಂದು ಒಪ್ಪಿ ಸಹಿ ಹಾಕಿದ್ದೇನೆ.

ಸ್ಥಳ: ಉತುರೋಆ
ದಿನಾಂಕ: 12-03-2024
(ಸಹಿ) ಹೇರೆನುಯಿ ತೇರಿಯಿತಾಹಿ