ಹಮೂಂಗನ ಜೇಬಿನ ಕೀಲಿ

ಅಣೆಕಟ್ಟಿನ ಊರಿನಲ್ಲಿ ಬೆಳಗಿನಿಂದ ಕರೆಂಟಿರಲಿಲ್ಲ. ಶೀತಲ ಪೆಟ್ಟಿಗೆಯಲ್ಲಿಟ್ಟ ಮೀನು ಕೆಡುವ ಮೊದಲು ಲುಸಾಕಾದಲ್ಲಾದರೂ ಮಾರೋಣವೆಂದು ಮುಟಿಂಟಾ ಮಿನಿಬಸ್ ಹತ್ತಿದ್ದಳು. ಮುಂದಿನ ಸೀಟಿನಲ್ಲಿ ವಿದ್ಯುತ್ ಸ್ಥಾವರದ ಇಬ್ಬರು ಕೆಲಸಗಾರರು ಮದುವೆಯ ಉಡುಪಿನಲ್ಲಿ ಕೂತಿದ್ದರು. ಅವರಲ್ಲಿ ಹಮೂಂಗ ಎಂಬವನು ಜೇಬಿಗೆ ಕೈ ಹಾಕಿ ಒಂದು ಕೀಲಿ ಹೊರತೆಗೆದ.

"ಏನಾಯ್ತೋ?" ಎಂದ ಜೊತೆಯವನು.

"ಕೀಲಿ ಇಲ್ಲೇ ಇದೆ. ರಿಪೇರಿಗೆ ಇಳಿಯೋವಾಗ, ಒಳಗಿರೋ ತನಕ ಯಾರೂ ಚಾಲೂ ಮಾಡದ ಹಾಗೆ ಯಂತ್ರದ ಸ್ವಿಚ್ಚಿಗೆ ಹಾಕಿದ ಬೀಗ ತೆಗೆದೇ ಇಲ್ಲ."

"ಅದಕ್ಕೇ ಊರಲ್ಲಿ ಕರೆಂಟಿಲ್ಲ, ಮಾರಾಯ. ಫೋನ್ ಮಾಡಿ ಬೀಗ ಕತ್ತರಿಸಿಬಿಡಿ ಅನ್ನು."

"ನಾನು ಹೊರಗಿದ್ದೀನಿ ಅಂತ ಫೋನಲ್ಲಿ ಹೇಳಿದ್ರೆ ಅವರು ನಂಬಬಾರದು ಕಣೋ. ಮನೆಗೆ ಹೋಗಿರ್ತಾನೆ ಅಂದ್ಕೊಂಡು ನಮ್ಮ ಜೊತೆ ಕೆಲಸ ಮಾಡ್ತಿದ್ದ ಸಿಯಾಮ್ವಿಜಾನ ಬೀಗ ಕತ್ತರಿಸಿ ಯಂತ್ರ ಓಡಿಸಿದ್ರು. ಅವನು ಒಳಗೇ ಇದ್ದ."

ಜೊತೆಯವನು ತನ್ನ ಮದುವೆಯ ಉಡುಪನ್ನೊಮ್ಮೆ ನೋಡಿಕೊಂಡ.

"ನಿನ್ನ ತಂಗಿ ಮದುವೆ?"

"ತಡವಾಗಿ ಬರ್ತೀನಿ. ನೀನು ಮುಂದೆ ಹೋಗಿ ಹೇಳು."

"ನಿನ್ನ ಬಿಟ್ಟು ಒಬ್ಬನೇ ಹೋದ್ರೆ ನಿಮ್ಮಮ್ಮ ನನ್ನ ಒಳಗೆ ಬಿಟ್ಕೋತಾಳಾ?"

ಬಸ್ಸು ನಿಲ್ಲಿಸಪ್ಪಾ ಎಂದು ಚಾಲಕನನ್ನು ಕೂಗಿದವಳು ಮುಟಿಂಟಾ. ಇಬ್ಬರೂ ಇಳಿದರು. ಹೊಸ ಬೂಟುಗಳಿಗೆ ಕೆಂಧೂಳು ಮೆತ್ತಿಸಿಕೊಳ್ಳುತ್ತ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯತೊಡಗಿದರು.