ಹದಿಮೂರು ಗೋಲಿನವನು

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಟೈಲರಮ್ಮ ಔಷಧಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಪಕ್ಕದಲ್ಲಿ ಇಬ್ಬರು ಬಂದು ಕೂತರು. ಅಕ್ಕ-ತಮ್ಮ ಎಂದು ಮಾತಿನಿಂದಲೇ ತಿಳಿಯಿತು. ಇಬ್ಬರಿಗೂ ಅರವತ್ತು ದಾಟಿದ ದನಿ.

“ಅಕ್ಕಾ, ಪೇಪರ್ ನೋಡಿದ್ಯಾ? ನಮ್ಮ ದೇಶದ ಫುಟ್‌ಬಾಲ್ ತಂಡ ನಿನ್ನೆ ಹದಿನಾಲ್ಕು ಗೋಲಿಂದ ಸೋತಿದೆ. ನನ್ನ ದಾಖಲೆ ಮುರೀತು!”

“ಹಲ್ಲು ಕಿರೀಬೇಡ. ಸೋತಿದ್ದು ನಮ್ಮೋರೇ.”

“ಮೂವತ್ತೊಂದು ವರ್ಷ ಕಣೆ! ಅತಿ ದೊಡ್ಡ ಸೋಲು ಯಾವುದು? ಹದಿಮೂರು-ಸೊನ್ನೆ. ಗೋಲ್‌ಕೀಪರ್ ಯಾರು? ನಾನು. ಯಾವ ಪುಸ್ತಕ ತೆಗೆದ್ರೂ ಅದೇ.”

“ಅವತ್ತೇ ಕಣ್ಣು ತೋರಿಸ್ಕೊಂಡಿದ್ರೆ ಒಂದೆರಡಾದ್ರೂ ಹಿಡೀತಿದ್ದೆ.”

ಟೈಲರಮ್ಮ ನಗು ತಡೆಯಲು ತುಟಿ ಕಚ್ಚಿಕೊಂಡಳು.

“ಇಪ್ಪತ್ತು ಹಿಡಿದಿದ್ದೆ. ಅದನ್ನ ಯಾರೂ ಬರ್ಕೊಳ್ಳಲಿಲ್ಲ.”

“ಇಪ್ಪತ್ತೆರಡು. ನಾನು ಎಣಿಸಿದ್ದೆ.”

ತಮ್ಮ ಪೇಪರ್ ಮಡಚಿಟ್ಟ ಸದ್ದಾಯಿತು.

“ನಿನ್ನೆ ಆಡಿದ ಗೋಲ್‌ಕೀಪರ್‌ಗೆ ಇನ್ನೂ ಇಪ್ಪತ್ತು ವರ್ಷವಂತೆ,” ಅಂದಳು ಅಕ್ಕ. “ನೀನು ಸೋತಾಗ ಯಾರಾದ್ರೂ ಫೋನ್ ಮಾಡಿದ್ರಾ?”

“ಯಾರು ಮಾಡ್ತಾರೆ? ಹಾಲಿನವನೂ ಮುಖ ತಿರುಗಿಸ್ಕೊಂಡು ಹೋಗ್ತಿದ್ದ.”

“ಹಾಗಾದ್ರೆ ನೀನು ಮಾಡು.”

“ನಂಬರ್ ಎಲ್ಲಿಂದ ತರ್ಲಿ?”

“ತಂಡದ ಮ್ಯಾನೇಜರ್ ನಿನ್ನ ಹಳೇ ಗೆಳೆಯ ತಾನೇ? ಬೆಳಿಗ್ಗೇನೇ ಕೇಳಿ ಇಸ್ಕೊಂಡೆ. ತಗೋ ಚೀಟಿ.”

ಅಷ್ಟರಲ್ಲಿ ನರ್ಸ್ ತಮ್ಮನ ಟೋಕನ್ ನಂಬರ್ ಕೂಗಿದಳು.

“ಒಂದು ನಿಮಿಷ ತಾಳಮ್ಮಾ,” ಎನ್ನುತ್ತ ಅವನು ಎದ್ದ. ಅಕ್ಕನೂ ಎದ್ದಳು. ಚಪ್ಪಲಿಗಳ ಸದ್ದು ಹೊರಬಾಗಿಲಿನತ್ತ ಸರಿಯಿತು.

“ಹಲೋ, ನಾನಪ್ಪಾ, ಹದಿಮೂರು ಗೋಲಿನವನು... ಅಯ್ಯೋ, ಬೈಯೋಕಲ್ಲ ಮಾರಾಯಾ. ಏನಾದ್ರೂ ತಿಂದ್ಯೋ ಇಲ್ವೋ ಅಂತ ಕೇಳೋಕೆ ಮಾಡ್ದೆ.”